ಬಿಟ್ಟುಹೋದ ಸಾಲು

ಡಿಡ್ಸ್‌ಬರಿಯಲ್ಲಿ ನಾನು ಒಬ್ಬಳೇ ಇದ್ದದ್ದು ಒಂದೂವರೆ ವರ್ಷ. ಗಂಡನಿಗೆ ಸೊಲಿಹಲ್‌ನ ಕಾರು ಕಾರ್ಖಾನೆಯಲ್ಲಿ ಕೆಲಸ, ನನಗೆ ವಿದನ್‌ಶಾದ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ. ಶುಕ್ರವಾರ ಸಂಜೆ ಅವನು ಕಾರು ಓಡಿಸಿಕೊಂಡು ಬರುತ್ತಿದ್ದ, ಭಾನುವಾರ ಊಟ ಮುಗಿಸಿ ಹೊರಡುತ್ತಿದ್ದ. ನನ್ನ ರಜೆಗಳು ಪಾಳಿಪಟ್ಟಿಯ ದಯೆಯಿಂದ ಹೆಚ್ಚಾಗಿ ವಾರದ ನಡುವೆ ಬೀಳುತ್ತಿದ್ದವು. ಬುಧವಾರ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ನಮ್ಮ ರಸ್ತೆ ಮಕ್ಕಳನ್ನೂ ಕಾರುಗಳನ್ನೂ ಕಳಿಸಿಕೊಟ್ಟು ಸುಮ್ಮನಾಗಿಬಿಡುತ್ತಿತ್ತು. ಆ ಬುಧವಾರಗಳು ಈಗ ಒಂದಕ್ಕೊಂದು ಬೆರೆತು ಒಂದೇ ಉದ್ದನೆಯ ಮಧ್ಯಾಹ್ನವಾಗಿ ನೆನಪಾಗುತ್ತವೆ. ಕಿಟಕಿಯ ಆಚೆ ಎಲೆ ಉದುರಿಸುವ ಮರ, ಮೋಡದ ಹಿಂದೆಲ್ಲೋ ಇದ್ದೂ ಇಲ್ಲದಂಥ ಸೂರ್ಯ, ಮೇಜಿನ ಮೇಲೆ ಆರುತ್ತಿರುವ ಚಹಾ, ಎದುರಿಗೆ ಕಾಕಾ.

ಅವರು ಸಿಕ್ಕಿದ್ದು ಟ್ರ್ಯಾಮಿನಲ್ಲಿ. ನಾನು ಮೈಸೂರಿನ ಅಮ್ಮನೊಡನೆ ಫೋನಿನಲ್ಲಿ ಸಾರಿನ ಪುಡಿಯ ವಿಚಾರ ಮಾತಾಡುತ್ತಿದ್ದೆ. ಎದುರು ಸೀಟಿನಲ್ಲಿ ಕೋಟು, ಟೈ, ಉಣ್ಣೆಯ ಟೋಪಿ ಹಾಕಿಕೊಂಡ ಮುದುಕರೊಬ್ಬರು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತಿದ್ದರು. ಮೇಲಿನ ಕೈ ಕೆಳಗಿನ ಕೈಯ ನಡುಕವನ್ನು ಅದುಮಿ ಹಿಡಿದಿತ್ತು. ನಾನು ಫೋನ್ ಇಟ್ಟ ಕೂಡಲೇ ಮುಂದಕ್ಕೆ ಬಾಗಿದರು.

"ಮೈಸೂರ ಕಡೆಯವರೇನ್ರಿ?"

"ಹೌದು ಅಂಕಲ್. ನಿಮಗೆ ಕನ್ನಡ ಬರತ್ತಾ?"

"ಬರತ್ತಾ ಅಂದ್ರ? ಧಾರವಾಡದಾಗ ಹುಟ್ಟೇನಿ. ಮತ್ತ ಈ ಅಂಕಲ್ ಬ್ಯಾಡವಾ. ಇಲ್ಲೆ ಹಾಲು ಹಾಕಾಂವನೂ ನನಗ ಮೊದಲನೇ ಹೆಸರಿಲೆ ಕರೀತಾನ. ನೀನರೆ ಕಾಕಾ ಅನ್ನು."

ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಮಗಳ ಮನೆಯಲ್ಲಿ ಅವರ ವಾಸ. ಮಗಳು ಜಿಪಿ, ಅಂದರೆ ಕುಟುಂಬ ವೈದ್ಯೆ. ಬೆಳಿಗ್ಗೆ ಹೋದರೆ ದೀಪ ಹೊತ್ತುವ ಹೊತ್ತಿಗೆ ಬರುವವಳು. ಲೀಡ್ಸ್‌ನಲ್ಲಿ ಬೆಳೆದ ಆಕೆಗೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ಹೊರಳಿಕೊಳ್ಳುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಕಾಕಾ ಇಲ್ಲಿಗೆ ಬಂದಿದ್ದರು. ಬುಧವಾರ ರಜೆ ಇದ್ದರೆ ಚಹಾಕ್ಕೆ ಬಾ ಎಂದರು. ಹೋದೆ. ಆಮೇಲೆ ಹೋಗುತ್ತಲೇ ಇದ್ದೆ.

ಅವರು ಯಾರು ಎಂದು ನನಗೆ ಮೊದಲು ಹೇಳಿದ್ದು ಮಗಳೇ. ಒಂದು ಶನಿವಾರ ಬಾಗಿಲಲ್ಲಿ ನಿಂತು, ಒಳಗೆ ಕೇಳಿಸದ ಹಾಗೆ ಹೇಳಿದಳು. "ಅಪ್ಪ ತಾವಾಗಿ ಹೇಳಲ್ಲ. ಹೀ ವಾಸ್ ಸಮ್‌ಬಡಿ, ಯು ನೋ. ಪ್ರೆಸಿಡೆಂಟ್‌ಗೆ ಸೆಕ್ರೆಟರಿ ಆಗಿದ್ರು, ಆಫ್ರಿಕಾದಲ್ಲಿ, ಫೋರ್ಟೀನ್ ಇಯರ್ಸ್. ಅರೆಸ್ಟ್ ಮಾಡೋ ಲಿಸ್ಟ್‌ನಿಂದ ಒಬ್ಬರ ಹೆಸರು ತೆಗೆದುಬಿಟ್ರು. ಹೀ ಸೇವ್ಡ್ ಎ ಮ್ಯಾನ್. ಅದಕ್ಕೇ ಎಲ್ಲಾ ಹೋಯ್ತು." ಹೇಳುವಾಗ ಅವಳ ಮುಖದಲ್ಲಿ ಬೆಳಕಿತ್ತು. ಅಪ್ಪನ ಆ ಕಥೆಯ ಮೇಲೆಯೇ ಅವಳು ಬೆಳೆದಿದ್ದಳು.

ಕಾಕಾ ಹೇಳಿದ್ದು ನಿಧಾನವಾಗಿ, ಬಿಡಿಬಿಡಿಯಾಗಿ. ಅವರು ಹೇಳುವಾಗ ಹೊರಗಿನ ಮಬ್ಬು ಬೆಳಕು ಕರಗಿ, ಆ ದೇಶದ ಕೆಂಪು ಮಣ್ಣಿನ ರಸ್ತೆಗಳು ಡಿಡ್ಸ್‌ಬರಿಯ ಕಾಲುದಾರಿಯ ಮೇಲೆಯೇ ಹಾದುಹೋಗುತ್ತಿವೆ ಎನಿಸುತ್ತಿತ್ತು. ಆಫ್ರಿಕಾದ ಒಂದು ಸಣ್ಣ ದೇಶ. ಹೆಸರು ನಾನಿಲ್ಲಿ ಬರೆಯುವುದಿಲ್ಲ. ಶಾರ್ಟ್‌ಹ್ಯಾಂಡ್ ಮತ್ತು ಟೈಪಿಂಗ್ ಕಲಿಸುವ ಮೇಷ್ಟರಾಗಿ ಅವರು ಹರೆಯದಲ್ಲಿ ಅಲ್ಲಿಗೆ ಹೋದರು. ಒಂದು ದಿನ ಅಧ್ಯಕ್ಷರು ಶಾಲೆ ನೋಡಲು ಬಂದರು. ತರಗತಿಯಲ್ಲಿ ನಿಂತು, "ನಾನು ಮಾತಾಡುತ್ತೇನೆ, ಯಾರು ಬರೆದುಕೊಳ್ಳುತ್ತೀರಿ?" ಎಂದರು. ಹುಡುಗರು ಹೆದರಿ ಕೂತರು. ಮೇಷ್ಟರೇ ಪೆನ್ಸಿಲ್ ಹಿಡಿದರು.

"ಹತ್ತು ನಿಮಿಷ ಮಾತಾಡಿದರು, ಕುದುರಿ ಓಡಿಸಿದಂಗ. ನಾ ತಿರುಗಿ ಓದಿ ತೋರಿಸಿದೆ. ಒಂದು ಶಬ್ದ ತಪ್ಪಿದ್ದಿಲ್ಲ. ನಡುವ ಕೆಮ್ಮಿದ್ದಷ್ಟ ಬಿಟ್ಟಿದ್ದೆ."

ಮುಂದಿನ ವಾರ ಮನೆ ಮುಂದೆ ಕಾರು ಬಂದು ನಿಂತಿತು. ಬೆರಳಚ್ಚುಗಾರನಾಗಿ ಹೋದವರು ಎರಡೇ ವರ್ಷದಲ್ಲಿ ಆಪ್ತ ಕಾರ್ಯದರ್ಶಿಯಾದರು. ಅಲ್ಲಿಯ ಯಾವ ಕುಲಕ್ಕೂ ಯಾವ ಸೀಮೆಗೂ ಸೇರದವರು ಎಂಬುದೇ ಅವರ ದೊಡ್ಡ ಅರ್ಹತೆಯಾಗಿತ್ತು. ಅಧ್ಯಕ್ಷರ ಬೆನ್ನ ಹಿಂದೆ ಎರಡು ಹೆಜ್ಜೆ ಬಿಟ್ಟು ನಿಲ್ಲುವುದು, ಕನ್ನಡಕ ಯಾವ ಗಳಿಗೆಯಲ್ಲಿ ಕೊಡಬೇಕೆಂದು ತಿಳಿದಿರುವುದು, ಭಾಷಣ ಬರೆಯುವುದು, ಬೇಡವಾದವರನ್ನು ಬಾಗಿಲಲ್ಲೇ ನಯವಾಗಿ ಕೂರಿಸಿ ಮರೆತುಬಿಡುವುದು. ಅಧ್ಯಕ್ಷರು ವೇದಿಕೆಯ ಮೇಲೆ ಮಾತಾಡುವಾಗ ಹಿಂದೆ ನಿಂತ ಇವರ ತುಟಿಯೂ ಅಲ್ಲಾಡುತ್ತಿತ್ತಂತೆ. ಅದನ್ನು ಕಂಡು ಹಿಡಿದದ್ದು ಹೆಂಡತಿ.

"ನಾ ಕ್ವಾಣಿಯೊಳಗ ಬಂದ್ರ ಮಂತ್ರಿಗಳು ಎದ್ದು ನಿಂದರತಿದ್ದರು," ಎಂದರು ಒಮ್ಮೆ. "ನನಗದು ಭಾಳ ರುಚಿಸಿತ್ತು ತಂಗಿ. ಸುಳ್ಳ್ಯಾಕ ಹೇಳ್ಲಿ?"

ಅಧ್ಯಕ್ಷರು ಮೊದಲು ಒಳ್ಳೆಯವರೇ ಆಗಿದ್ದರು ಎಂದು ಕಾಕಾ ಪ್ರತಿ ಸಲವೂ ಹೇಳುತ್ತಿದ್ದರು. ಶಾಲೆ ಕಟ್ಟಿಸಿದರು, ಊರೂರಿಗೆ ನೀರು ತಂದರು. ಒಮ್ಮೆ ಹೇಳದೆ ಕೇಳದೆ ಇವರ ಮನೆಗೆ ಬಂದು, ಅಡುಗೆಮನೆಯಲ್ಲೇ ಕುರ್ಚಿ ಎಳೆದುಕೊಂಡು ಕಡಲೆಹಿಟ್ಟಿನ ಝುಣಕ ತಿಂದು, ಇನ್ನಷ್ಟು ಹಾಕಿಸಿಕೊಂಡಿದ್ದರು. ಬದಲಾದದ್ದು ಯಾವಾಗ ಎಂದು ಕೇಳಿದೆ.

"ಗೊತ್ತಾಗಲಿಲ್ಲ. ಮೊದಲ ವರ್ಗಾವಣೆ ಲಿಸ್ಟು ಬರ್ತಿದ್ವು. ಟೈಪ್ ಮಾಡ್ತಿದ್ದೆ. ಆಮ್ಯಾಲೆ ನೌಕರಿಯಿಂದ ತೆಗೆಯೂ ಲಿಸ್ಟು. ಅದೂ ಮಾಡಿದೆ. ಆಮ್ಯಾಲೆ ಮತ್ತೊಂದು ನಮೂನಿ ಲಿಸ್ಟು. ಕಾಗದ ಅದ, ರಿಬ್ಬನ್ ಅದ, ಕೈ ಅದ. ಕೈಗೇನು ಗೊತ್ತಾಗತದ?"

ಆ ಹೊತ್ತಿಗೆ ನನಗೆ ಕಥೆಯ ಕೊನೆ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ಆತ್ಮಸಾಕ್ಷಿ ಎಚ್ಚೆತ್ತ ಕ್ಷಣ ಈಗ ಬರುತ್ತದೆ, ಕೈ ತಡೆಯುತ್ತದೆ, ಒಂದು ಹೆಸರು ಉಳಿಯುತ್ತದೆ. ಆದರೆ ಕಾಕಾ ಅಲ್ಲಿಗೆ ಬಂದಾಗಲೆಲ್ಲ ಮಾತು ಬದಲಿಸುತ್ತಿದ್ದರು. ಚಹಾಕ್ಕೆ ಶುಂಠಿ ಜಜ್ಜಲು ಏಳುತ್ತಿದ್ದರು.

ನವೆಂಬರ್‌ನ ಒಂದು ಬುಧವಾರ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಅವರ ಮನೆಯ ಗೇಟಿಗೆ ಬರುವವರೆಗೂ ಮನೆ ಕಾಣಲಿಲ್ಲ. ಒಳಗೆ ಕಾಕಾ ಮೇಜಿನ ಮೇಲೆ ಒಂದು ಕಾಗದ ಇಟ್ಟುಕೊಂಡು ಕೂತಿದ್ದರು. ಲೀಡ್ಸ್‌ನಿಂದ ಬಂದದ್ದು. ಆ ದೇಶದಿಂದ ತಪ್ಪಿಸಿಕೊಂಡು ಬಂದ ಒಂದಷ್ಟು ಕುಟುಂಬಗಳು ಲೀಡ್ಸ್‌ನಲ್ಲಿವೆ. ವರ್ಷಕ್ಕೊಮ್ಮೆ ಒಂದು ಚರ್ಚ್ ಹಾಲಿನಲ್ಲಿ ಸೇರುತ್ತಾರೆ. ಕಾಕಾರನ್ನು ವೇದಿಕೆಯ ಮೇಲೆ ಕೂರಿಸಿ ಗೌರವಿಸುತ್ತಾರೆ. ಈ ಸಲ ಅವರ ಮೇಲೆ ಒಂದು ಸಣ್ಣ ಪುಸ್ತಕ ಮಾಡುತ್ತಾರಂತೆ. ಅವರು ಉಳಿಸಿದ ಮನುಷ್ಯ ಇನ್ನೂ ಬದುಕಿದ್ದಾನೆ, ಅಧ್ಯಕ್ಷರ ಕಾಲ ಮುಗಿದ ಮೇಲೆ ಆ ದೇಶಕ್ಕೇ ಮರಳಿದ್ದಾನೆ. ಅವನೂ ನಾಲ್ಕು ಮಾತು ಬರೆದುಕೊಡಲಿದ್ದಾನೆ.

"ಒಳ್ಳೇದಲ್ವಾ ಕಾಕಾ?" ಎಂದೆ.

"ಬಾಯಿಮಾತು ಗಾಳ್ಯಾಗ ಹೋಗತದ ತಂಗಿ. ಅಚ್ಚಾದ್ರ ಅದು ಉಳೀತದ. ನಾ ಟೈಪ್ ಮಾಡೂ ಮನಷ್ಯಾ, ನನಗ ಗೊತ್ತದ." ಕಾಗದವನ್ನು ಮಡಚಲು ಎರಡು ಸಲ ಯತ್ನಿಸಿ ಬಿಟ್ಟರು. "ನಾ ಅವನ್ನ ಉಳಿಸಿಲ್ಲ. ಅದು ಟೈಪಿಂಗ್ ಮಿಸ್ಟೇಕ್."

"ಮಿಸ್ಟೇಕಾ?" ಎಂದೆ.

"ಮಿಸ್ಟೇಕ್. ಸಾಲು ಹಾರಿತು, ಅಷ್ಟ."

ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅಧ್ಯಕ್ಷರೇ ಹಸಿರು ಶಾಯಿಯಲ್ಲಿ ಬರೆದುಕೊಟ್ಟ ಪಟ್ಟಿ, ಇಪ್ಪತ್ತಮೂರು ಹೆಸರು. ಮರುದಿನ ಬೆಳಿಗ್ಗೆ ಹಿಡಿದು ತರಬೇಕಾದವರು. ಮಧ್ಯಾಹ್ನದ ಹೊತ್ತು, ಕಿಟಕಿಯ ಹೊರಗೆ ತೋಟಕ್ಕೆ ನೀರು ಬಿಡುತ್ತಿದ್ದ ಸದ್ದು. ಹದಿನಾರನೆಯ ಹೆಸರು ಮುಗಿಸುವಷ್ಟರಲ್ಲಿ ಫೋನ್ ಬಂತು. ಮನೆಯಿಂದ ಹೆಂಡತಿ. ಮಗಳು ಕುರ್ಚಿ ಹಿಡಿದು ತಾನೇ ಎದ್ದು ನಿಂತಿದ್ದಾಳೆ, ಯಾರ ಕೈಯನ್ನೂ ಹಿಡಿಯದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಗು. ಕಾಕಾ ನಕ್ಕರು, ಏನೋ ಹೇಳಿದರು, ಫೋನ್ ಇಟ್ಟು ಪಟ್ಟಿಗೆ ತಿರುಗಿದರು. ಹದಿನಾರು, ಹದಿನೇಳು, ಎರಡೂ ಸಾಲುಗಳು ಒಂದೇ ಮನೆತನದ ಹೆಸರಿನಿಂದ ಶುರುವಾಗುತ್ತಿದ್ದವು. ಅಣ್ಣ, ತಮ್ಮ. ಇಬ್ಬರೂ ಶಾಲಾ ಮೇಷ್ಟರು. ಕಣ್ಣು ಆ ಹೆಸರನ್ನು ಕಂಡು, ಇದನ್ನು ಹೊಡೆದಾಯಿತು ಎಂದುಕೊಂಡು ಹದಿನೆಂಟಕ್ಕೆ ಜಾರಿತು.

"ಅಣ್ಣನ ಹೆಸರು ಹೊಡದೆ. ತಮ್ಮಂದು ಬಿಟ್ಟೆ. ಎಷ್ಟು ಹೆಸರಾದ್ವು ಅಂತ ಕೂಡಿಸಿ ನೋಡಬೇಕಾಗಿತ್ತು, ಯಾವಾಗ್ಲೂ ನೋಡ್ತಿದ್ದೆ. ಅವತ್ತ ಮನಿಗೆ ಹೋಗೂ ಅವಸರ."

ಮರುದಿನ ಬೆಳಿಗ್ಗೆ ಅಣ್ಣನನ್ನು ಕರೆದೊಯ್ದದ್ದನ್ನು ಕಂಡ ತಮ್ಮ ಹೊಲಗಳ ಮೇಲೆ ಓಡಿ ಗಡಿ ದಾಟಿದ. ಪೊಲೀಸರು ಇಪ್ಪತ್ತೆರಡು ಮಂದಿಯನ್ನು ಮಾತ್ರ ತಂದರು. ಅಧ್ಯಕ್ಷರು ತಮ್ಮ ಹಸಿರು ಪಟ್ಟಿಯನ್ನೂ ಟೈಪಾದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಇವರನ್ನು ಕರೆಸಿದರು.

"ಕೂಗಾಡಲಿಲ್ಲ. ಅದ ಹೆದರಿಕಿ. ನಾ ಅಂದೆ, ಸರ್, ತಪ್ಪಾಗೇದ, ಕಣ್ಣು ಜಾರೇದ. ಅವರು ನಕ್ಕರು. ಹದಿನಾಲ್ಕು ವರ್ಷದಾಗ ನಿನ್ನ ಕೈಯಾಗ ಒಂದು ಕಾಮಾ ತಪ್ಪಿಲ್ಲ, ಇದೊಂದ ತಪ್ಪಿತೇನು ಅಂದರು. ಏನು ಹೇಳಲಿ? ನನ್ನ ಹುಷಾರಿಕಿನ ನನ್ನ ಕೊರಳಿಗೆ ಬಂತು."

ಹದಿನಾಲ್ಕು ವರ್ಷದ ಋಣಕ್ಕೆ ಜೀವ ಉಳಿಯಿತು. ದೇಶ ಬಿಡಲು ಎರಡು ದಿನ ಕೊಟ್ಟರು. ಹಿಂದಿನ ವಾರದವರೆಗೆ ಎದ್ದು ನಿಲ್ಲುತ್ತಿದ್ದ ಮಂತ್ರಿಗಳು ಕೋಣೆಯ ಬಾಗಿಲು ಮುಚ್ಚಿಕೊಂಡರು. ಆದರೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಹೊರುವ ಆಳು ಇವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ. ಬೇಕೆಂದೇ ಒಂದು ಹೆಸರು ಬಿಟ್ಟರೆಂಬ ಸುದ್ದಿ ಆಗಲೇ ಹಬ್ಬಿತ್ತು. ಲೀಡ್ಸ್‌ಗೆ ಬಂದಿಳಿದು, ಆಸ್ಪತ್ರೆಯೊಂದರಲ್ಲಿ ರೋಗಿಗಳ ಫೈಲು ಜೋಡಿಸುವ ಗುಮಾಸ್ತಿಕೆ ಹಿಡಿದು, ನಿವೃತ್ತಿಯವರೆಗೂ ಅದನ್ನೇ ಮಾಡಿದರು. ಅದರ ನಡುವೆ ವರ್ಷಕ್ಕೊಮ್ಮೆ ವೇದಿಕೆ, ವರ್ಷಕ್ಕೊಮ್ಮೆ ಗಡಿ ದಾಟಿ ಉಳಿದ ಆ ಮೇಷ್ಟರ ಧನ್ಯವಾದದ ಕಾಗದ. ನಿಜ ಹೇಳಿದ್ದು ಹೆಂಡತಿಗೆ ಮಾತ್ರ. ಆಕೆ, "ಸುಮ್ಮನಿರ್ರಿ. ಮಂದಿಗೆ ಒಬ್ಬ ಒಳ್ಳ್ಯಾವ ಬೇಕಾಗಿರತಾನ," ಎಂದಳಂತೆ.

"ಒಂದು ಹೆಸರು ಬಿಟ್ಟಿದ್ದಕ್ಕ ನನಗ ಹಾರ ಹಾಕ್ತಾರ," ಎಂದರು ಕಾಕಾ. "ಉಳದ ಇಪ್ಪತ್ತೆರಡು ಹೆಸರು ಯಾರು ಟೈಪ್ ಹೊಡದ್ರು ಅಂತ ಯಾರೂ ಕೇಳಲಿಲ್ಲ. ಅದರಾಗ ಅರ್ಧಕ್ಕರ್ಧ ಮಂದಿ ತಿರುಗಿ ಬರಲಿಲ್ಲ."

ಹೊರಗೆ ಮಂಜು ಕಿಟಕಿಗೆ ಅಂಟಿಕೊಂಡು ನಿಂತಿತ್ತು. ಡಾಕ್ಟರಾಗಿ ಕೆಟ್ಟ ಸುದ್ದಿ ಹೇಳುವುದು ಕಲಿತಿದ್ದೇನೆ, ಕೇಳಿಸಿಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ. ಎದ್ದು ಹೋಗಿ ಹೊಸದಾಗಿ ಚಹಾ ಮಾಡಿದೆ. ಸಕ್ಕರೆ ಹಾಕುವುದು ಮರೆತೆ. ಇಬ್ಬರೂ ಹಾಗೆಯೇ ಕುಡಿದೆವು.

ಮುಂದಿನ ಬುಧವಾರ ಅವರು ನನ್ನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ಮೇಷ್ಟರಿಗೆ ಕಾಗದ ಬರೆಯಬೇಕು, ತಮ್ಮ ಬೆರಳು ಮಾತು ಕೇಳುವುದಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ನಾನು ಎರಡು ಬೆರಳಲ್ಲಿ ಕುಟ್ಟುತ್ತಾ ಹೋದೆ.

"ಇದೇನವಾ, ಕೋಳಿ ಕಾಳು ಹೆಕ್ಕಿದಂಗ?"

"ನಮಗೆ ಯಾರೂ ಟೈಪಿಂಗ್ ಕಲಿಸಿಲ್ಲ ಕಾಕಾ."

"ಫುಲ್‌ಸ್ಟಾಪ್ ಆದಮ್ಯಾಲೆ ಎರಡು ಸ್ಪೇಸು."

"ಈಗ ಒಂದೇ ಕೊಡೋದು."

"ನನ್ನ ಪತ್ರದಾಗ ಎರಡು."

ಎರಡೇ ಕೊಟ್ಟೆ. ಕಾಗದ ಒಂದು ಪುಟ ದಾಟಲಿಲ್ಲ. ಕ್ಷಮೆ ಎಂಬ ಶಬ್ದ ಅದರಲ್ಲಿರಲಿಲ್ಲ. ಆದದ್ದು ಆದ ಹಾಗೆ ಇತ್ತು, ಫೋನ್ ಬಂದದ್ದು ಮಾತ್ರ ಇರಲಿಲ್ಲ. ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, "ಕೂಸಿನ ಹೆಸರು ಅದರಾಗ ಯಾಕ?" ಎಂದರು. ಮಗಳಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಆ ಕಾಗದವನ್ನು ಮೇಷ್ಟರಿಗೆ ಇಮೇಲ್ ಮಾಡಿದೆ.

ಎರಡು ವಾರ ಏನೂ ಬರಲಿಲ್ಲ. ಕಾಕಾ ಪುಸ್ತಕದ ವಿಷಯವಾಗಲಿ ಕಾಗದದ ವಿಷಯವಾಗಲಿ ಎತ್ತಲಿಲ್ಲ. ಆದರೆ ನಾನು ಬಾಗಿಲು ತಟ್ಟಿದಾಗಲೆಲ್ಲ ಬೇಗನೆ ಬಂದು ತೆಗೆಯುತ್ತಿದ್ದರು, ನನ್ನ ಮುಖವನ್ನು ಒಂದು ಕ್ಷಣ ಓದುತ್ತಿದ್ದರು. ಆ ದಿನಗಳಲ್ಲಿ ನಾನು ವಾರ್ಡಿನಲ್ಲಿ ಔಷಧಿಯ ಚಾರ್ಟ್ ಬರೆಯುವಾಗ ಸಾಲಿನ ಕೆಳಗೆ ಬೆರಳಿಟ್ಟು ಓದಲು ಶುರುಮಾಡಿದ್ದೆ. ಇಂದಿಗೂ ಹಾಗೆಯೇ ಮಾಡುತ್ತೇನೆ. ಜೊತೆಯವರು ನಗುತ್ತಾರೆ.

ಆಮೇಲೆ ಮೇಷ್ಟರ ಮೊಮ್ಮಗಳಿಂದ ಒಂದು ಸಾಲಿನ ಉತ್ತರ ಬಂತು. ಅಜ್ಜ ಮಾತಾಡಬೇಕೆನ್ನುತ್ತಿದ್ದಾರೆ, ಇಂಥ ದಿನ ವಿಡಿಯೊ ಕಾಲ್ ಮಾಡಬಹುದೇ? ನಲವತ್ತು ವರ್ಷಗಳಲ್ಲಿ ಇಬ್ಬರೂ ಪರಸ್ಪರರ ಮುಖ ನೋಡಿರಲಿಲ್ಲ.

ಅವತ್ತು ಕಾಕಾ ಟೈ ಕಟ್ಟಿಸಿಕೊಂಡರು, ನಾನೇ ಕಟ್ಟಿದೆ. ಪರದೆಯ ಮೇಲೆ ಮೊದಲು ಒಂದು ಸುಣ್ಣದ ಗೋಡೆ, ಆಮೇಲೆ ಯಾರದೋ ಹೆಬ್ಬೆರಳು, ಆಮೇಲೆ ಬಿಸಿಲು ತುಂಬಿದ ಒಂದು ಜಗುಲಿ, ಅದರಲ್ಲಿ ಬೆಳ್ಳಗಿನ ತಲೆಯ ತೆಳ್ಳಗಿನ ಮನುಷ್ಯ. ನಮ್ಮಲ್ಲಿ ಡಿಸೆಂಬರ್‌ನ ಕತ್ತಲೆ ಮಧ್ಯಾಹ್ನಕ್ಕೇ ಇಳಿಯುತ್ತಿತ್ತು. ಆ ಬಿಸಿಲು ಲ್ಯಾಪ್‌ಟಾಪಿನಿಂದ ಹೊರಬಂದು ಕಾಕಾರ ಮುಖದ ಮೇಲೆ ಬಿತ್ತು. ಇಬ್ಬರೂ ಅಲುಗದೆ ಒಬ್ಬರನ್ನೊಬ್ಬರು ನೋಡಿದರು. ನಾನು ಸಂಪರ್ಕ ಕಡಿದುಹೋಯಿತೆಂದು ತಿಳಿದು ಕೈ ಚಾಚಿದೆ. ಕಾಕಾ ತಡೆದರು.

ಮೇಷ್ಟರು ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವ ಹಾಗೆ ಬಿಡಿಸಿ ಬಿಡಿಸಿ ಮಾತಾಡಿದರು. "ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ಒಂದು ತಪ್ಪೂ ಇಲ್ಲ. ಅದಕ್ಕೇ ನನಗೆ ನಂಬಿಕೆ ಬರುತ್ತಿಲ್ಲ. ಹದಿನಾಲ್ಕು ವರ್ಷ ತಪ್ಪದ ಕೈ ಆ ದಿನವೇ ಯಾಕೆ ತಪ್ಪಿತು?"

ಕಾಕಾ ನನ್ನತ್ತ ನೋಡಿದರು. ಆಮೇಲೆ ಹೇಳಿದರು. ಫೋನ್ ಬಂದದ್ದು, ಕೂಸು ಎದ್ದು ನಿಂತದ್ದು.

ಮೇಷ್ಟರು ಕಣ್ಣು ಮುಚ್ಚಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು. "ಹಾಗಾದರೆ ಇಷ್ಟು ವರ್ಷ ನಾನು ಧನ್ಯವಾದ ಬರೆದದ್ದು ತಪ್ಪು ಮನುಷ್ಯನಿಗೆ. ನಿಮ್ಮ ಮಗಳಿಗೆ ಬರೆಯಬೇಕಿತ್ತು."

ಕಾಕಾ ನಗಲಿಲ್ಲ. "ನಿಮ್ಮ ಅಣ್ಣನ ಹೆಸರು ಟೈಪ್ ಮಾಡಿದ್ದು ನಾನೇ," ಎಂದರು.

"ಗೊತ್ತು."

"ಯಾವಾಗಿನಿಂದ?"

"ಮೊದಲಿನಿಂದ. ಪಟ್ಟಿ ಟೈಪ್ ಮಾಡುವವರು ಇನ್ನಾರಿದ್ದರು?" ಮೇಷ್ಟರು ತಮ್ಮ ಅಂಗೈ ನೋಡಿಕೊಂಡರು. "ಒಂದು ಕಾಗದದಲ್ಲೂ ಅಣ್ಣನ ವಿಷಯ ಬರೆಯಲಿಲ್ಲ. ಬರೆದರೆ ನೀವು ಉತ್ತರ ಬರೆಯುವುದಿಲ್ಲ ಎಂಬ ಹೆದರಿಕೆ. ನನ್ನ ಹೆಸರು ಆ ಪಟ್ಟಿಯಲ್ಲಿದ್ದದ್ದನ್ನು ಕಂಡವರಲ್ಲಿ ಉಳಿದವರು ನೀವೊಬ್ಬರೇ."

ಆ ಕಡೆ ಎಲ್ಲೋ ಹುಂಜ ಕೂಗಿತು. ಮೇಷ್ಟರು ಮುಂದಕ್ಕೆ ಬಾಗಿ ಕೇಳಿದರು. "ಪಟ್ಟಿ ನಿಮಗೆ ನೆನಪಿದೆಯೇ?"

ಕಾಕಾ ಕಣ್ಣು ಮುಚ್ಚಿಕೊಂಡರು. ಎರಡೂ ಕೈ ಮೇಜಿನ ಮೇಲೆ ಬಂದವು. ಮೊದಲ ಹೆಸರು ಹೇಳಿದರು. ಎರಡನೆಯದು. ಪ್ರತಿ ಹೆಸರಿಗೂ ಬೆರಳುಗಳು ಮರದ ಮೇಲೆ ಮೆಲ್ಲಗೆ ಆಡುತ್ತಿದ್ದವು. ನಾನು ನೋಡುತ್ತಲೇ ಇದ್ದೆ, ಆ ಹೊತ್ತು ಅವು ನಡುಗಲಿಲ್ಲ. ಯಾವುದೋ ಭಾಷೆಯ ಹೆಸರುಗಳು, ನನಗೆ ಉಚ್ಚರಿಸಲೂ ಬಾರದವು, ಆ ಸಣ್ಣ ಕೋಣೆಯಲ್ಲಿ ಒಂದೊಂದಾಗಿ ಬಂದು ನಿಂತ ಹಾಗಾಯಿತು. ಮೇಷ್ಟರು ಒಂದೊಂದಕ್ಕೂ ತಲೆಯಾಡಿಸಿದರು. ಕೆಲವಕ್ಕೆ ಒಂದೆರಡು ಶಬ್ದ ಸೇರಿಸಿದರು. ಅಂಚೆ ಕಚೇರಿಯವನು. ಹಾಡುತ್ತಿದ್ದವನು. ಹದಿನಾರನೆಯದು ಅಣ್ಣನದು. ಅದನ್ನು ಹೇಳಿ ಕಾಕಾ ನಿಲ್ಲಿಸಿಬಿಟ್ಟರು. ಅಲ್ಲಿಂದ ಮುಂದೆ ಅವರ ಬೆರಳಿಗೆ ದಾರಿ ಗೊತ್ತಿರಲಿಲ್ಲ.

ಆಗ ಮೇಷ್ಟರು, ತರಗತಿಯಲ್ಲಿ ಹಾಜರಿ ಹೇಳುವ ಹಾಗೆ, ತಮ್ಮ ಹೆಸರನ್ನು ತಾವೇ ಹೇಳಿದರು.

ಕಾಕಾ ಹದಿನೆಂಟಕ್ಕೆ ಹೋದರು. ಇಪ್ಪತ್ತಮೂರೂ ಮುಗಿದವು.

ಹಿಂದೆ ಏನೋ ಸದ್ದಾಯಿತು. ತಿರುಗಿದರೆ ಬಾಗಿಲಲ್ಲಿ ಮಗಳು, ಕೋಟು ಇನ್ನೂ ಮೈಮೇಲಿತ್ತು. ಅವತ್ತು ಬೇಗ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅವಳು ಬಂದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅಪ್ಪಾ," ಎಂದಳು, "ಸೋ ಇಟ್ ವಾಸ್ ಮಿ?"

ಕಾಕಾ ಅವಳ ತಲೆಯ ಮೇಲೆ ಕೈಯಿಟ್ಟರು. "ನೀ ಬರೇ ನಿಂತಿದ್ದಿ ಕೂಸ. ಉಳದದ್ದು ನಾ ಮಾಡೀನಿ."

ಪರದೆಯ ಮೇಲಿನ ಮೇಷ್ಟರು ಅವಳನ್ನು ನೋಡಿದರು, ಎದ್ದು ನಿಂತರು, ತಲೆ ಬಾಗಿಸಿ ನಮಸ್ಕರಿಸಿದರು. ಅವಳು ಅತ್ತಳು. ನಾನು ಅಲ್ಲಿರಬಾರದೆನಿಸಿ ಅಡುಗೆಮನೆಗೆ ಹೋಗಿ ಸಿಂಕಿನಲ್ಲಿದ್ದ ಪಾತ್ರೆ ತೊಳೆದೆ. ತೊಳೆದವನ್ನೇ ಇನ್ನೊಮ್ಮೆ ತೊಳೆದೆ.

ಆ ವಾರವೇ ಕಾಕಾ ಲೀಡ್ಸ್‌ನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಕೆಲವರು ನಂಬಲಿಲ್ಲ. ವಯಸ್ಸಾಯಿತು, ಏನೋ ಹೇಳುತ್ತಾರೆ ಎಂದರು. ಅಪ್ಪನನ್ನು ಆ ಪಟ್ಟಿಗೆ ಕಳೆದುಕೊಂಡ ಒಬ್ಬ ಹೆಂಗಸು ಮಾತು ಮುಗಿಯುವ ಮೊದಲೇ ಫೋನ್ ಇಟ್ಟಳು. ಮತ್ತೆ ಮಾಡಲಿಲ್ಲ. ಕಾಕಾ ಆ ದಿನ ಊಟ ಮಾಡಲಿಲ್ಲ ಎಂದು ಮಗಳು ಹೇಳಿದಳು. ಪುಸ್ತಕ ನಿಲ್ಲಲಿಲ್ಲ. ಆದರೆ ಕಾಕಾ ಒಂದು ಕರಾರು ಹಾಕಿದರು. ತಮ್ಮ ಕಥೆ ಬೇಡ, ಪಟ್ಟಿ ಇರಲಿ. ಇಪ್ಪತ್ತಮೂರು ಹೆಸರು, ಒಬ್ಬೊಬ್ಬರಿಗೆ ಒಂದೊಂದು ಪುಟ, ಅವರನ್ನು ಬಲ್ಲವರು ಬರೆದುಕೊಡಲಿ. ಹೆಸರುಗಳನ್ನು ಮಾತ್ರ ತಾವೇ ಟೈಪ್ ಮಾಡುವುದಾಗಿ ಹೇಳಿದರು.

ದಿನಕ್ಕೆ ಒಂದು ಹೆಸರು. ಮಗಳ ಕಂಪ್ಯೂಟರಿನ ಮುಂದೆ, ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ಒಂದೊಂದು ಅಕ್ಷರಕ್ಕೂ ಗುರಿ ಹಿಡಿದು ಒತ್ತುತ್ತಿದ್ದರು. ಒಂದರ ಬದಲು ನಾಲ್ಕು ಬೀಳುತ್ತಿತ್ತು. ಅಳಿಸಿ ಮತ್ತೆ ಹೊಡೆಯುತ್ತಿದ್ದರು. ಸಹಾಯ ಮಾಡಲು ಹೋದರೆ ಬೇಡ ಎನ್ನುತ್ತಿದ್ದರು. ಮುಗಿಯಲು ಒಂದು ತಿಂಗಳೇ ಹಿಡಿಯಿತು. ಪುಸ್ತಕ ಬಂದಾಗ ನೋಡಿದೆ, ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿದವರು ಎಂದು ಅವರ ಹೆಸರಿತ್ತು. ಫೋನ್ ಇಟ್ಟಿದ್ದ ಹೆಂಗಸು ತನ್ನ ಅಪ್ಪನ ಪುಟವನ್ನು ಬರೆದುಕೊಟ್ಟಿದ್ದಳು. ಕಾಕಾರಿಗೆ ಮಾತ್ರ ಅವಳಿಂದ ಒಂದು ಮಾತೂ ಬರಲಿಲ್ಲ. "ಬರಬಾರದು," ಎಂದರು ಅವರು. "ಅಕಿ ಮಾಡಿದ್ದು ಬರೊಬ್ಬರಿ ಅದ."

ಈಗ ನಾನು ಸೊಲಿಹಲ್‌ನಲ್ಲಿದ್ದೇನೆ. ಇಲ್ಲೇ ಹತ್ತಿರದಲ್ಲಿ ಕೆಲಸ ಸಿಕ್ಕಿತು. ಇಲ್ಲಿ ಎಲ್ಲಿಗೆ ಹೋಗಬೇಕಾದರೂ ಕಾರೇ ಬೇಕು. ಮೂರನೆಯ ಸಲಕ್ಕೆ ಡ್ರೈವಿಂಗ್ ಪರೀಕ್ಷೆ ಪಾಸಾದೆ. ಮೊದಲು ಒಬ್ಬಳೇ ದೂರ ಓಡಿಸಿಕೊಂಡು ಹೋದದ್ದು ಕಾಕಾರ ಮನೆಗೆ, ಈ ಏಪ್ರಿಲ್‌ನಲ್ಲಿ. ಅವರು ಹಿತ್ತಲಲ್ಲಿ ಕಂಬಳಿ ಹೊದ್ದು ಕೂತಿದ್ದರು. ತೆಳ್ಳಗಾಗಿದ್ದರು. ಪಕ್ಕದ ಮನೆಯ ಮರದಿಂದ ಹೂವಿನ ಎಸಳು ಗಾಳಿಗೆ ಬಂದು ಕಂಬಳಿಯ ಮೇಲೆ ಕೂರುತ್ತಿದ್ದವು.

"ಎಷ್ಟು ಹೊತ್ತು ಹಿಡೀತು?"

"ಎರಡು ಗಂಟೆ ಕಾಕಾ. ಹೆದರಿಕೊಂಡೇ ಬಂದೆ."

"ಬಂದಿಯಲ್ಲ, ಅಷ್ಟ ಸಾಕು."

ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಹತ್ತಿತೇನೋ ಎಂದುಕೊಂಡೆ. ಆಮೇಲೆ ಕಣ್ಣು ಬಿಡದೆಯೇ ಹೇಳಿದರು. "ಒಂದು ಮಜಾ ಕೇಳು. ಅಧ್ಯಕ್ಷರ ಮಾರಿ ನೆನಪಾಗವಲ್ದು. ಹದಿನಾಲ್ಕು ವರ್ಷ ದಿನಾ ನೋಡೇನಿ. ಕೋಟು ನೆನಪದ, ಹೆಗಲು ನೆನಪದ, ಹಿಂದಿನ ಕೂದಲಾ ನೆನಪದ. ಹಿಂದ ನಿಂತಿದ್ದೆ ನೋಡು, ಅದಕ್ಕ."

"ಫೋಟೊ ಹುಡುಕಿ ತೋರಿಸ್ಲಾ?"

"ಬ್ಯಾಡ. ಹಂಗ ಇರ್ಲಿ ಬಿಡು."

ಒಳಗಿನಿಂದ ಮಗಳು ಅವಲಕ್ಕಿ ಹಚ್ಚಿ ತಂದಳು, ಧಾರವಾಡದ ರೀತಿ, ಮೇಲೆ ಹಸಿ ಈರುಳ್ಳಿ. ಯಾರಿಂದ ಕಲಿತೆ ಎಂದು ಕೇಳಿದೆ. ಅಪ್ಪ ಹೇಳಿಕೊಟ್ಟರು ಎಂದಳು, ಕನ್ನಡದಲ್ಲಿ, ವಾಕ್ಯದ ಕೊನೆಯವರೆಗೂ. ಕಾಕಾರಿಗೆ ಚಮಚ ಹಿಡಿಯಲು ಆಗುತ್ತಿರಲಿಲ್ಲ. ಅವಳು ತಿನ್ನಿಸಿದಳು. ಖಾರ ಹೆಚ್ಚಾಯಿತು ಎಂದು ಅವರು ಗೊಣಗಿದರು, ಇನ್ನೊಂದು ತುತ್ತಿಗೆ ಬಾಯಿ ತೆರೆದರು.